ಹಳೆಯ ಯಂತ್ರ, ಹೊಸ ಗಣಕ, ನಮ್ಮ ಹಿರಿಯರ ಮುಖಗಳು

(ಶತಮಾನೋತ್ಸವದ ಅಂಗವಾಗಿ ನಡೆದ ಧರ್ಮಕೇಂದ್ರದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ದೇವಾಲಯದ ಕುರಿತು ಮಾತನಾಡುವವರು ಅದರ ಗೋಪುರವನ್ನು, ಗಂಟೆಯನ್ನು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪರಂಪರೆಯನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರು ಈ ವೇದಿಕೆಯಿಂದಲೇ ಸೊಗಸಾಗಿ ನೆರವೇರಿಸಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಮೇಲ್ನೋಟಕ್ಕೆ ಬಹಳ ಚಿಕ್ಕದಾಗಿ ಕಾಣುವ ಒಂದು ವಿಷಯ: ಹಳೆಯ ಛಾಯಾಚಿತ್ರಗಳ ಫಿಲ್ಮುಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಸ್ಕ್ಯಾನರ್ ಎಂಬ ಯಂತ್ರ, ಮತ್ತು ಆ ಹಳೆಯ ಯಂತ್ರವನ್ನು ಇಂದಿನ ಹೊಸ ಗಣಕಗಳೊಡನೆ ದುಡಿಸಿಕೊಳ್ಳುವ ಬಗೆ. ಇದು ಯುವಕರ ಕಸುಬು, ನಮಗೇಕೆ ಎಂದು ಹಿರಿಯರು ಭಾವಿಸಬಾರದು. ಈ ಕೆಲಸದಲ್ಲಿ ಅತ್ಯಂತ ಅಗತ್ಯವಾದ ಭಾಗ ಹಿರಿಯರದೇ ಎಂಬುದನ್ನು ಮಾತಿನ ಕೊನೆಗೆ ತಮ್ಮ ಗಮನಕ್ಕೆ ತರುತ್ತೇನೆ.

ಈ ಸ್ಮರಣ ಸಂಚಿಕೆಗೆ ಚಿತ್ರಗಳು ಬೇಕೆಂದು ಸಮಿತಿಯವರು ಹುಡುಕಲಾರಂಭಿಸಿದಾಗ ಗುರುಮನೆಯ ಅಟ್ಟದಲ್ಲಿದ್ದ ಒಂದು ತಗಡಿನ ಪೆಟ್ಟಿಗೆ ಕೈಗೆ ಸಿಕ್ಕಿತು. ಅದರಲ್ಲಿ ಛಾಯಾಚಿತ್ರಗಳಿರಲಿಲ್ಲ; ಛಾಯಾಚಿತ್ರಗಳ ತಾಯಿಬೇರಾದ ನೆಗೆಟಿವ್‌ಗಳಿದ್ದವು. ಕಾಗದದ ಮೇಲೆ ಮುದ್ರಿಸಿದ ಚಿತ್ರಗಳು ಆಯಾ ಕಾಲದಲ್ಲಿ ಮನೆಮನೆಗೆ ಹಂಚಿಹೋಗಿವೆ. ಕೆಲವು ಗೋಡೆಯ ಮೇಲೆ ಬಿಸಿಲಿಗೆ ಬಿಳಿಚಿಕೊಂಡಿವೆ, ಕೆಲವು ಗಾಜಿಗೆ ಅಂಟಿಕೊಂಡಿವೆ, ಹಲವು ಗೆದ್ದಲಿಗೆ ಆಹುತಿಯಾಗಿವೆ. ಆದರೆ ಪಟ್ಟಿಪಟ್ಟಿಯಾಗಿ ಕತ್ತರಿಸಿ ತೆಳುಗಾಗದದಲ್ಲಿ ಸುತ್ತಿಟ್ಟ ಆ ನೆಗೆಟಿವ್‌ಗಳಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದವಿದೆ, ದೃಢೀಕರಣಕ್ಕೆ ಬಂದ ಧರ್ಮಾಧ್ಯಕ್ಷರ ಸ್ವಾಗತವಿದೆ, ತೇರಿನ ಮೆರವಣಿಗೆಯಿದೆ, ಮದುವೆಗಳಿವೆ, ಹೆಗಲ ಮೇಲೆ ಶವಪೆಟ್ಟಿಗೆ ಹೊತ್ತು ನಡೆದವರಿದ್ದಾರೆ. ಬೆಳಕಿಗೆ ಹಿಡಿದು ನೋಡಿದರೆ ಬಿಳಿಯದು ಕಪ್ಪಾಗಿ, ಕಪ್ಪಿನದು ಬಿಳಿಯಾಗಿ ಕಾಣುವ ಈ ಮುಖಗಳನ್ನು ಗುರುತಿಸುವುದು ಯಾರಿಂದಲೂ ಸಾಧ್ಯವಿಲ್ಲ. ಅವುಗಳನ್ನು ಮರಳಿ ಮುಖಗಳನ್ನಾಗಿ ಮಾಡುವುದೇ ನಮ್ಮ ಮುಂದಿದ್ದ ಕೆಲಸ.

ಧರ್ಮಸಭೆ ದಾಖಲೆಯ ವಿಷಯದಲ್ಲಿ ಎಂದೂ ಉದಾಸೀನವಾಗಿಲ್ಲ. ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಪ್ರತಿಯೊಂದು ಧರ್ಮಕೇಂದ್ರವೂ ಇಡತಕ್ಕದ್ದೆಂದೂ, ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡತಕ್ಕದ್ದೆಂದೂ 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಹೇಳುತ್ತದೆ. ಆ ಪುಸ್ತಕಗಳು ನಮಗೆ ಹೆಸರನ್ನು ಕೊಡುತ್ತವೆ, ತಂದೆತಾಯಿಯರ ಹೆಸರನ್ನು ಕೊಡುತ್ತವೆ, ದಿನಾಂಕವನ್ನು ಕೊಡುತ್ತವೆ, ಮುಖವನ್ನು ಕೊಡುವುದಿಲ್ಲ. ಊರೂರು ಅಲೆದು ಜಪ ಹೇಳಿಕೊಟ್ಟ ಉಪದೇಶಿಯ ಹೆಸರು ಪುಸ್ತಕದ ಹತ್ತಾರು ಪುಟಗಳಲ್ಲಿ ಸಾಕ್ಷಿಯಾಗಿ ಬರುತ್ತದೆ. ಆತನ ಮುಖ ಹೇಗಿತ್ತೆಂದು ಮೊಮ್ಮಕ್ಕಳು ಕೇಳಿದರೆ ಉತ್ತರ ಆ ತಗಡಿನ ಪೆಟ್ಟಿಗೆಯಲ್ಲಿ ಮಾತ್ರ ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದ ತರುವಾಯ ಪೂಜಾವಿಧಿ ಜನರ ಭಾಷೆಗೆ ಬಂದಿತು. ಗುರುಗಳು ಜನರತ್ತ ಮುಖಮಾಡಿ ಬಲಿಪೂಜೆ ಅರ್ಪಿಸುವಂತಾಯಿತು. ಅದಕ್ಕೂ ಮೊದಲು ಬಲಿಪೀಠ ಎಲ್ಲಿತ್ತು, ಹೇಗಿತ್ತು, ಅದರ ಮುಂದೆ ಜನ ಹೇಗೆ ಮೊಣಕಾಲೂರಿದ್ದರು ಎಂಬುದನ್ನು ಯಾವ ಪುಸ್ತಕವೂ ಬರೆದಿಟ್ಟಿಲ್ಲ. ಅದನ್ನೂ ಫಿಲ್ಮೇ ಹೇಳಬೇಕು.

ನಮ್ಮ ಸೀಮೆಯಲ್ಲಿ ಫಿಲ್ಮಿನ ಕಾಲ ಎರಡು ಘಟ್ಟಗಳಲ್ಲಿ ನಡೆಯಿತೆನ್ನಬಹುದು. ಮೊದಲನೆಯದು ಅಗಲವಾದ 120 ಅಳತೆಯ ಸುರುಳಿಯ ಕಾಲ. ಸ್ಟುಡಿಯೋದವರ ಬಳಿ ದೊಡ್ಡ ಕ್ಯಾಮರಾಗಳಿದ್ದವು. ಅನುಕೂಲಸ್ಥರ ಮನೆಯಲ್ಲಿ ಆಗ್ಫಾ ಕ್ಲಿಕ್ ಇತ್ತು. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ‘ಇಂದು’ ಎಂಬ ಸ್ವದೇಶಿ ಕಪ್ಪುಬಿಳುಪು ಫಿಲ್ಮ್ ನಮ್ಮ ಅಂಗಡಿಗಳಿಗೂ ಬಂದಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಎರಡನೆಯದು 35 ಮಿಲಿಮೀಟರ್ ಅಗಲದ, ಒಂದು ಡಬ್ಬಿಗೆ ಮೂವತ್ತಾರು ಚಿತ್ರಗಳ ಬಣ್ಣದ ಫಿಲ್ಮಿನ ಕಾಲ. ಇದು 1980ರ ದಶಕದಿಂದೀಚೆಗೆ ಬೆಳೆದು, ಡಿಜಿಟಲ್ ಕ್ಯಾಮರಾ ಬಂದಂತೆ ಹಿಂದೆ ಸರಿಯಿತು. ಎರಡನೆಯ ಜಾನ್ ಪಾಲ್ ಪೋಪ್ ಜಗದ್ಗುರುಗಳು 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಾಗ ದರ್ಶನಕ್ಕೆ ಹೋದವರ ಕೈಯಲ್ಲಿ ಕ್ಯಾಮರಾ ಇದ್ದಿದ್ದರೆ ಅದರೊಳಗಿದ್ದುದು ಈ ಬಗೆಯ ಫಿಲ್ಮ್. ಈ ಎರಡು ಅಳತೆಗಳ ಭೇದವನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಯಂತ್ರದ ಮಾತು ಬಂದಾಗ ಅದು ಮುಖ್ಯವಾಗುತ್ತದೆ.

ಇಷ್ಟು ವರ್ಷ ಇದ್ದ ನೆಗೆಟಿವ್‌ಗಳು ಇನ್ನೂ ಹತ್ತು ವರ್ಷ ಇರಲಾರವೇ, ಅವಸರವೇಕೆ ಎಂದು ಕೆಲವರು ಕೇಳಿದರು. ಪೆಟ್ಟಿಗೆಯ ಮುಚ್ಚಳ ತೆರೆದಾಗ ಹುಳಿಯಾದ ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಅದೇ ಉತ್ತರ. ಆ ಕಾಲದ ಫಿಲ್ಮಿನ ಬೆನ್ನು ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತುವಿನದು. ಸೆಕೆಗೂ ತೇವಕ್ಕೂ ಸಿಕ್ಕ ಆ ವಸ್ತು ಕಾಲಕ್ರಮದಲ್ಲಿ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಹಾಗೆ ಹೊರಬಂದ ಆಮ್ಲವೇ ಮುಂದಿನ ಕೊಳೆತವನ್ನು ಇನ್ನಷ್ಟು ತ್ವರಿತಗೊಳಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಪಟ್ಟಿ ಕೆಟ್ಟರೆ ನೆರೆಯ ಪಟ್ಟಿಗಳಿಗೂ ಅದು ತಗಲುತ್ತದೆ. ಫಿಲ್ಮ್ ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ, ಕಡೆಗೆ ಚಿತ್ರವಿರುವ ಪದರವೇ ಬೆನ್ನಿನಿಂದ ಎದ್ದು ಬರುತ್ತದೆ. ಶಿಡ್ಲಘಟ್ಟದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರೇಷ್ಮೆಗೂಡನ್ನು ಮಾರುಕಟ್ಟೆಯಿಂದ ತಂದವರು ನಾಳೆ ನೋಡೋಣವೆಂದು ಮೂಲೆಯಲ್ಲಿ ಇಡುವುದಿಲ್ಲ. ಒಳಗಿನ ಚಿಟ್ಟೆ ಗೂಡನ್ನು ತೂತುಮಾಡಿಕೊಂಡು ಹೊರಬಂದಿತೆಂದರೆ ಒಂದೇ ಎಳೆಯಾಗಿದ್ದ ನೂಲು ತುಂಡುತುಂಡಾಗುತ್ತದೆ. ಆಮೇಲೆ ಎಂಥ ಕುಶಲನಾದ ರೀಲರನೂ ಅದರಿಂದ ನೂಲು ಬಿಚ್ಚಲಾರ. ನಮ್ಮ ಪೆಟ್ಟಿಗೆಯ ಸ್ಥಿತಿಯೂ ಅದೇ. ಎಳೆ ಇನ್ನೂ ತುಂಡಾಗಿಲ್ಲ, ಆದರೆ ಗೂಡು ಅಲುಗಾಡುತ್ತಿದೆ.

ಫೋನಿನಲ್ಲಿ ಚಿತ್ರ ತೆಗೆದುಕೊಂಡರೆ ಸಾಲದೇ ಎಂಬ ಪ್ರಶ್ನೆಯೂ ಬಂದಿತು. ಗುರುತಿಗಾಗಿ, ಯಾವ ಪಟ್ಟಿಯಲ್ಲಿ ಏನಿದೆಯೆಂದು ಪಟ್ಟಿಮಾಡುವುದಕ್ಕಾಗಿ, ಅದು ಸಾಕು. ಆದರೆ ಐವತ್ತು ಮಂದಿ ಮಕ್ಕಳು ಸಾಲಾಗಿ ನಿಂತಿರುವ ಚಿತ್ರದಲ್ಲಿ ಒಂದೊಂದು ಮುಖವೂ ನೆಗೆಟಿವ್ ಮೇಲೆ ಸಾಸಿವೆ ಕಾಳಿಗಿಂತ ದೊಡ್ಡದಾಗಿರುವುದಿಲ್ಲ. ಅದನ್ನು ಗುರುತು ಸಿಗುವಷ್ಟು ದೊಡ್ಡದು ಮಾಡಬೇಕಾದರೆ ಫಿಲ್ಮನ್ನು ಅಂಗುಲ ಅಂಗುಲವಾಗಿ ಓದುವ ಉಪಕರಣ ಬೇಕು. ಫಿಲ್ಮ್ ಸ್ಕ್ಯಾನರ್ ಮಾಡುವುದು ಇದನ್ನೇ. ಫಿಲ್ಮಿನ ಒಂದು ಬದಿಯಿಂದ ಬೆಳಕು ಹಾಯಿಸಿ, ಇನ್ನೊಂದು ಬದಿಯಲ್ಲಿ ಸೂಕ್ಷ್ಮ ಸಂವೇದಕದಿಂದ ಆ ಬೆಳಕನ್ನು ಗೆರೆಗೆರೆಯಾಗಿ ಅಳೆಯುತ್ತದೆ. ಅಂಗುಲಕ್ಕೆ 4000 ಚುಕ್ಕೆಗಳನ್ನು ಓದುವ ಯಂತ್ರವು 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದದ ಒಂದು ನೆಗೆಟಿವ್‌ನಿಂದ ಸುಮಾರು ಎರಡು ಕೋಟಿ ಹದಿನಾಲ್ಕು ಲಕ್ಷ ಚುಕ್ಕೆಗಳನ್ನು ಕೊಡುತ್ತದೆ. ಒಂದೊಂದು ಚುಕ್ಕೆಯ ಮೂರು ಬಣ್ಣಗಳನ್ನೂ 16 ಬಿಟ್‌ಗಳಲ್ಲಿ ಬರೆದರೆ ಒಂದು ಚಿತ್ರಕ್ಕೆ ಸುಮಾರು 128 ಮೆಗಾಬೈಟ್ ಸ್ಥಳ ಬೇಕಾಗುತ್ತದೆ. ಮೂವತ್ತಾರು ಚಿತ್ರಗಳ ಒಂದು ಸುರುಳಿಗೆ ಸುಮಾರು 4.6 ಗಿಗಾಬೈಟ್.

ಇಂಥ ಯಂತ್ರಗಳು ತಯಾರಾಗುತ್ತಿದ್ದ ಕಾಲ ಬಹಳ ಹ್ರಸ್ವವಾಗಿತ್ತು. ಜನ ಫಿಲ್ಮಿನಿಂದ ಡಿಜಿಟಲ್ ಕಡೆಗೆ ಸಾಗುತ್ತಿದ್ದ ಸಂಧಿಕಾಲದ ಮಕ್ಕಳವು. ನಿಕಾನ್ ಸಂಸ್ಥೆಯ ಕೂಲ್‌ಸ್ಕ್ಯಾನ್, ಮಿನೋಲ್ಟಾ ಸಂಸ್ಥೆಯ ಡಿಮಾಜ್, ಕ್ಯಾನನ್‌ನ ಎಫ್.ಎಸ್. 4000 ಮುಂತಾದವು ಹೆಸರಾಗಿದ್ದವು. ಕೋನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮರಾ ವ್ಯಾಪಾರದಿಂದಲೇ ಹಿಂದೆ ಸರಿಯಿತು. ನಿಕಾನ್ ಕೂಡ ಮುಂದಿನ ಕೆಲವು ವರ್ಷಗಳಲ್ಲಿ ಸ್ಕ್ಯಾನರ್‌ಗಳನ್ನು ಕೈಬಿಟ್ಟಿತು. ಆ ತರಗತಿಯ ಹೊಸ ಯಂತ್ರ ಇಂದು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಒಬ್ಬ ಸಜ್ಜನರು ತಮ್ಮಲ್ಲಿ ಬಹುಕಾಲ ಮೂಲೆಗುಂಪಾಗಿದ್ದ ಒಂದು ಸ್ಕ್ಯಾನರನ್ನು ಧರ್ಮಕೇಂದ್ರಕ್ಕೆ ದಾನ ಕೊಟ್ಟಾಗ ನಮಗೆಲ್ಲ ಬಹಳ ಸಂತೋಷವಾಯಿತು. ಕಚೇರಿಯ ಹೊಸ ಗಣಕಕ್ಕೆ ಅದನ್ನು ಜೋಡಿಸಿದೆವು. ಯಂತ್ರದ ದೀಪ ಹೊತ್ತಿತು, ಒಳಗೆ ಏನೋ ಸರಿದಾಡಿದ ಸದ್ದಾಯಿತು. ಗಣಕ ಮಾತ್ರ ಇಂಥ ಯಂತ್ರವನ್ನು ತಾನು ಅರಿಯೆನೆಂದುಬಿಟ್ಟಿತು. ಯಂತ್ರ ಕೆಟ್ಟಿದೆ, ಗುಜರಿಗೆ ಹಾಕಿ ಎಂದವರೂ ಇದ್ದರು.

ಯಂತ್ರ ಕೆಟ್ಟಿರಲಿಲ್ಲ. ಇಲ್ಲಿಯೇ ನಾನು ಇಂದಿನ ವಿಷಯದ ಹೃದಯಕ್ಕೆ ಬರುತ್ತೇನೆ. ಸ್ಕ್ಯಾನರಿಗೂ ಗಣಕಕ್ಕೂ ನಡುವೆ ಮೂರು ಕೊಂಡಿಗಳಿವೆ. ಮೊದಲನೆಯದು ತಂತಿ. ಎರಡನೆಯದು ಡ್ರೈವರ್ ಎಂದು ಕರೆಯುವ ತಂತ್ರಾಂಶ. ಮೂರನೆಯದು ನಾವು ಗುಂಡಿ ಒತ್ತಿ ಕೆಲಸ ಮಾಡಿಸುವ ಪ್ರೋಗ್ರಾಮ್. ಈ ಮೂರರಲ್ಲಿ ಡ್ರೈವರ್ ಎಂಬುದು ದುಭಾಷಿಯ ಹಾಗೆ. ಗಡಿಸೀಮೆಯವರಾದ ನಮಗೆ ದುಭಾಷಿಯ ಬೆಲೆ ಗೊತ್ತು. ತೆಲುಗು ಮಾತ್ರ ಬಲ್ಲ ಅಜ್ಜಿಗೂ ಕನ್ನಡ ಮಾತ್ರ ಬಲ್ಲ ವೈದ್ಯರಿಗೂ ನಡುವೆ ಮೊಮ್ಮಗ ನಿಲ್ಲದಿದ್ದರೆ ಇಬ್ಬರಲ್ಲೂ ದೋಷವಿಲ್ಲದಿದ್ದರೂ ಮಾತು ನಡೆಯುವುದಿಲ್ಲ. ಸ್ಕ್ಯಾನರಿನ ದುಭಾಷಿಯನ್ನು ಇಪ್ಪತ್ತು ವರ್ಷಗಳ ಹಿಂದೆ ಆ ಕಾಲದ ಗಣಕಗಳಿಗಾಗಿ ಸಿದ್ಧಪಡಿಸಿದ್ದರು. ಅವು 32 ಬಿಟ್ ಗಣಕಗಳು. ನಿಕಾನ್ ಸ್ಕ್ಯಾನ್ ಎಂಬ ತಂತ್ರಾಂಶದ ಕೊನೆಯ ಆವೃತ್ತಿ ವಿಂಡೋಸ್ ವಿಸ್ಟಾದ 32 ಬಿಟ್ ರೂಪದವರೆಗೆ ಬಂದು ನಿಂತಿತು. 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದೆ. ಹಳೆಯ ದುಭಾಷಿಯ ಮಾತು ಅದಕ್ಕೆ ತಿಳಿಯದು. ಆಪಲ್ ಗಣಕಗಳೂ 2019ರ ಆವೃತ್ತಿಯಿಂದ 32 ಬಿಟ್ ಪ್ರೋಗ್ರಾಮುಗಳನ್ನು ನಿಲ್ಲಿಸಿಬಿಟ್ಟವು.

ಇದರ ಜೊತೆಗೆ ಮುದ್ರೆಯ ಪ್ರಶ್ನೆಯೊಂದಿದೆ. ನಮ್ಮ ಹುಡುಗ ಬೇರೆ ಧರ್ಮಕೇಂದ್ರದಲ್ಲಿ ಮದುವೆಯಾಗಬೇಕಾದರೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು; ಅದಕ್ಕೆ ಧರ್ಮಕೇಂದ್ರದ ಮುದ್ರೆಯೂ ಗುರುಗಳ ಸಹಿಯೂ ಇರಬೇಕು. ಹುಡುಗ ಎಷ್ಟೇ ಸದ್ಗುಣಿಯಾದರೂ ಮುದ್ರೆಯಿಲ್ಲದ ಪತ್ರವನ್ನು ಅಲ್ಲಿಯ ಗುರುಗಳು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹೊಸ ಗಣಕಗಳೂ ಹಾಗೆಯೇ, ಡಿಜಿಟಲ್ ಸಹಿಯಿಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಹಳೆಯ ಡ್ರೈವರಿನ ವಿವರಪತ್ರವನ್ನು ತಿದ್ದಿ, ಸಹಿಯ ತಪಾಸಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದನ್ನು ಒಳಸೇರಿಸುವ ಉಪಾಯ ಬಲ್ಲವರಿದ್ದಾರೆ. ಅನೇಕರು ಹಾಗೆ ಯಶಸ್ವಿಯಾಗಿಯೂ ಇದ್ದಾರೆ. ಆದರೆ ಆ ತಪಾಸಣೆ ಇರುವುದು ಗಣಕವನ್ನು ದುಷ್ಟ ತಂತ್ರಾಂಶಗಳಿಂದ ಕಾಪಾಡುವುದಕ್ಕೆ. ಧರ್ಮಕೇಂದ್ರದ ಲೆಕ್ಕಪತ್ರಗಳೂ ಜನರ ಖಾಸಗಿ ವಿವರಗಳೂ ಇರುವ ಗಣಕದಲ್ಲಿ ಅಂಥ ಪ್ರಯೋಗ ಸಲ್ಲದು.

ಹಾಗಾದರೆ ದಾರಿ ಯಾವುದು? ನಾಲ್ಕು ದಾರಿಗಳಿವೆ. ಸಂಕ್ಷೇಪವಾಗಿ ನಿವೇದಿಸುತ್ತೇನೆ, ಏಕೆಂದರೆ ನೆರೆಯ ಊರುಗಳಲ್ಲೂ ಇಂಥ ಯಂತ್ರ ಯಾರದಾದರೂ ಮನೆಯಲ್ಲಿ ಮಲಗಿರಬಹುದು.

ಮೊದಲನೆಯದು, ಹಳೆಯ ಯಂತ್ರಕ್ಕೆ ಹಳೆಯ ಗಣಕವನ್ನೇ ಜೋಡಿಸುವುದು. ವಿಂಡೋಸ್ ಎಕ್ಸ್‌ಪಿ ಇರುವ ಒಂದು ಹಳೆಯ ಗಣಕ ಸಿಕ್ಕರೆ ಇದು ಅತ್ಯಂತ ಸರಳ. ಆದರೆ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ನಿಂತಿತು. ಆದಕಾರಣ ಅಂಥ ಗಣಕವನ್ನು ಇಂಟರ್‌ನೆಟ್‌ಗೆ ಎಂದೂ ಜೋಡಿಸಬಾರದು. ಅದು ಕೋಣೆಯ ಬಾಗಿಲು ಮುಚ್ಚಿಕೊಂಡು ತಪಸ್ಸು ಮಾಡುವ ಸಂನ್ಯಾಸಿಯಂತೆ ಈ ಒಂದೇ ಕೆಲಸಕ್ಕೆ ಮೀಸಲಾಗಿರಬೇಕು.

ಎರಡನೆಯದು, ತಯಾರಕರು ಕೈಬಿಟ್ಟ ಯಂತ್ರಗಳ ಭಾಷೆಯನ್ನು ಕಲಿತ ಹೊಸ ಪ್ರೋಗ್ರಾಮುಗಳನ್ನು ಬಳಸುವುದು. ಅಮೆರಿಕದ ಎಡ್ ಹ್ಯಾಮ್ರಿಕ್ ಎಂಬವರು 1998ರಿಂದ ಬೆಳೆಸಿದ ವ್ಯೂಸ್ಕ್ಯಾನ್ ಸಾವಿರಾರು ಬಗೆಯ ಹಳೆಯ ಸ್ಕ್ಯಾನರ್‌ಗಳನ್ನು ಹೊಸ ಗಣಕಗಳಲ್ಲಿ ನಡೆಸಬಲ್ಲದು. ಜರ್ಮನಿಯ ಕೀಲ್ ನಗರದ ಲೇಸರ್‌ಸಾಫ್ಟ್ ಇಮೇಜಿಂಗ್ ಸಂಸ್ಥೆಯ ಸಿಲ್ವರ್‌ಫಾಸ್ಟ್ ಇನ್ನೊಂದು. ಇವಕ್ಕೆ ಹಣ ಕೊಡಬೇಕು. ಕೊಳ್ಳುವ ಮೊದಲು ಪರೀಕ್ಷಾ ಆವೃತ್ತಿಯಿಂದ ನಮ್ಮ ಯಂತ್ರ ನಡೆಯುವುದೇ ಎಂದು ನೋಡಿಕೊಳ್ಳುವುದು ಜಾಣತನ.

ಮೂರನೆಯದು ಲಿನಕ್ಸ್. ಲೋಕದ ನಾನಾ ಕಡೆಯ ಸ್ವಯಂಸೇವಕರು ಸೇರಿ ಕಟ್ಟಿದ ಸೇನ್ ಎಂಬ ತಂತ್ರಾಂಶದಲ್ಲಿ ಕೂಲ್‌ಸ್ಕ್ಯಾನ್ ಜಾತಿಯ ಯಂತ್ರಗಳಿಗೆಂದೇ ಬರೆದ ಭಾಗಗಳಿವೆ. ಇದಕ್ಕೆ ಖರ್ಚಿಲ್ಲ, ಕಲಿಯುವ ತಾಳ್ಮೆ ಬೇಕು. ಹಳೆಯ ಗಣಕವೊಂದಕ್ಕೆ ಹೊಸ ಲಿನಕ್ಸ್ ಹಾಕಿದರೆ ಭದ್ರತೆಯ ಭಯವೂ ಬಹುಮಟ್ಟಿಗೆ ದೂರವಾಗುತ್ತದೆ. ನಮ್ಮ ಯುವಕರು ಕಡೆಗೆ ಆರಿಸಿಕೊಂಡ ದಾರಿ ಇದು. ಗೌರಿಬಿದನೂರಿನ ಇಬ್ಬರು, ಚಿಂತಾಮಣಿಯ ಒಬ್ಬಳು, ಮೂರು ಭಾನುವಾರ ಸಂಜೆಗಳನ್ನು ಇದಕ್ಕಾಗಿ ಮುಡಿಪಾಗಿಟ್ಟರು. ಮೂರನೆಯ ಸಂಜೆ ಗಣಕದ ಪರದೆಯ ಮೇಲೆ ಬಿಳಿ ಉಡುಪಿನ ಮಕ್ಕಳ ಸಾಲು ಮೂಡಿದಾಗ ಆ ಕೋಣೆಯಲ್ಲಿದ್ದವರು ಯಾರೂ ಕೆಲಹೊತ್ತು ಮಾತನಾಡಲಿಲ್ಲ.

ನಾಲ್ಕನೆಯದು, ಹೊಸ ಗಣಕದ ಒಳಗೆ ಹಳೆಯ ಗಣಕವೊಂದನ್ನು ಕಲ್ಪಿಸುವ ವರ್ಚುವಲ್ ಯಂತ್ರ. ಯು.ಎಸ್.ಬಿ. ತಂತಿಯ ಸ್ಕ್ಯಾನರನ್ನು ಹೀಗೆ ಒಳಗಿನ ಗಣಕಕ್ಕೆ ವಹಿಸಿಕೊಡಬಹುದು. ಅದಕ್ಕಿಂತ ಹಳೆಯ ತಂತಿಗಳಿದ್ದರೆ ಈ ದಾರಿ ಸಾಮಾನ್ಯವಾಗಿ ಮುಚ್ಚಿದೆ.

ತಂತಿಯ ಮಾತು ಬಂದುದರಿಂದ ಒಂದೆರಡು ಎಚ್ಚರಿಕೆ ಹೇಳಬೇಕು. ಬಹಳ ಹಳೆಯ ಸ್ಕ್ಯಾನರ್‌ಗಳಿಗೆ ಸ್ಕಸಿ ಎಂಬ ದಪ್ಪ ತಂತಿಯಿರುತ್ತದೆ. ಅದಕ್ಕೆ ಗಣಕದೊಳಗೆ ಪ್ರತ್ಯೇಕ ಕಾರ್ಡ್ ಬೇಕು, ಮತ್ತು ಗಣಕಕ್ಕಿಂತ ಮೊದಲು ಸ್ಕ್ಯಾನರನ್ನು ಚಾಲೂ ಮಾಡಬೇಕು. ಕೆಲವಕ್ಕೆ ಫೈರ್‌ವೈರ್ ತಂತಿಯಿರುತ್ತದೆ. ಫೈರ್‌ವೈರನ್ನು ಬೆಳೆಸಿದ ಆಪಲ್ ಸಂಸ್ಥೆಯೇ 2025ರ ತನ್ನ ಹೊಸ ಆವೃತ್ತಿಯಿಂದ ಅದನ್ನು ತೆಗೆದುಹಾಕಿತು. ಯು.ಎಸ್.ಬಿ. ತಂತಿಯಿದ್ದರೆ ಚಿಂತೆ ಕಡಿಮೆ. ಹೊಸ ವೇಗದ ಕಿಂಡಿಯಲ್ಲಿ ಸ್ಕ್ಯಾನರ್ ತಡವರಿಸಿದರೆ ನಡುವೆ ಹಳೆಯ ಯು.ಎಸ್.ಬಿ. 2 ಹಬ್ ಇಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ. ಹಾಗೆಯೇ ವರ್ಷಗಟ್ಟಲೆ ಮಲಗಿದ್ದ ಯಂತ್ರದ ಒಳಗನ್ನಡಿಯ ಮೇಲೆ ಧೂಳು ಕುಳಿತಿರುತ್ತದೆ. ಅದರಿಂದ ಚಿತ್ರದ ಬೆಳಕಿನ ಅಂಚುಗಳು ಮಂಜಾಗಿ ಕಾಣುತ್ತವೆ. ಬಲ್ಲವರ ಕೈಯಲ್ಲಿ ಅದನ್ನು ಶುಚಿಗೊಳಿಸಬೇಕು. ನಮ್ಮ ಊರಿನ ವಿದ್ಯುತ್ತಿನ ಏರಿಳಿತವನ್ನು ಬಲ್ಲವರಾದ್ದರಿಂದ ಸ್ಟೆಬಿಲೈಸರ್ ಬಗ್ಗೆ ನಾನು ಹೇಳಬೇಕಾಗಿಲ್ಲ.

ಇನ್ನು ಕಪ್ಪುಬಿಳುಪು ಫಿಲ್ಮಿನ ಒಂದು ವಿಶೇಷವಿದೆ. ಈ ಯಂತ್ರಗಳಲ್ಲಿ ಧೂಳನ್ನೂ ಗೀರನ್ನೂ ತಾನಾಗಿಯೇ ಅಳಿಸುವ ಡಿಜಿಟಲ್ ಐಸ್ ಎಂಬ ಸೌಲಭ್ಯವಿರುತ್ತದೆ. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸುತ್ತದೆ. ಬಣ್ಣದ ಫಿಲ್ಮಿನ ವರ್ಣಗಳು ಆ ಬೆಳಕನ್ನು ತಡೆಯುವುದಿಲ್ಲ, ಧೂಳು ತಡೆಯುತ್ತದೆ. ಹಾಗಾಗಿ ಧೂಳು ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಯುತ್ತದೆ. ಆದರೆ ಕಪ್ಪುಬಿಳುಪು ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ. ಬೆಳ್ಳಿಯೂ ಆ ಬೆಳಕನ್ನು ತಡೆಯುವುದರಿಂದ ಯಂತ್ರ ಮುಖವನ್ನೇ ಧೂಳೆಂದು ತಿಳಿಯುತ್ತದೆ. ಆದ್ದರಿಂದ ನಮ್ಮ ಹಳೆಯ ಚಿತ್ರಗಳಿಗೆ ಆ ಸೌಲಭ್ಯವನ್ನು ಮುಚ್ಚಿಟ್ಟು, ಕೈಗೆ ಹತ್ತಿಯ ಗವಸು ತೊಟ್ಟು, ರಬ್ಬರಿನ ಗಾಳಿಬುರುಡೆಯಿಂದ ಧೂಳನ್ನು ಊದಿ ತೆಗೆಯಬೇಕು. ಬಾಯಿಂದ ಊದಬಾರದು, ಬಟ್ಟೆಯಿಂದ ಉಜ್ಜಬಾರದು, ನೀರು ಸೋಕಿಸಬಾರದು. ಅಲ್ಲದೆ 35 ಮಿಲಿಮೀಟರ್ ಫಿಲ್ಮಿಗಾಗಿ ಮಾಡಿದ ಯಂತ್ರದೊಳಗೆ ಅಗಲವಾದ 120 ಫಿಲ್ಮ್ ಹೋಗುವುದಿಲ್ಲ. ನಮ್ಮ ಅತ್ಯಂತ ಹಳೆಯ ಚಿತ್ರಗಳು ಈ ಅಗಲ ಫಿಲ್ಮಿನಲ್ಲೇ ಇವೆ. ಅವುಗಳಿಗಾಗಿ ಸಮನಾದ ಬೆಳಕು ಕೊಡುವ ಒಂದು ಹಲಗೆಯ ಮೇಲೆ ನೆಗೆಟಿವ್ ಇಟ್ಟು, ಮೇಲಿನಿಂದ ಅಲುಗಾಡದ ನಿಲುವಿಗೆ ಬಿಗಿದ ಒಳ್ಳೆಯ ಡಿಜಿಟಲ್ ಕ್ಯಾಮರಾದಿಂದ, ಸಮೀಪದ ವಸ್ತುಗಳಿಗೆಂದೇ ಮಾಡಿದ ಲೆನ್ಸ್ ಹಾಕಿ, ಚಿತ್ರ ತೆಗೆಯಬೇಕಾಗಿದೆ.

ಈ ವಿಧಾನ ಕೀಳೆಂದು ಭಾವಿಸಬೇಡಿ. ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ಭಾರತೀಯ ಖಭೌತ ಸಂಸ್ಥೆ ನಮ್ಮ ಗೌರಿಬಿದನೂರಿನ ಬಳಿ ರೇಡಿಯೋ ದೂರದರ್ಶಕವನ್ನು ನಡೆಸುವ ಸಂಸ್ಥೆಯೆಂಬುದು ತಮಗೆ ಗೊತ್ತೇ ಇದೆ. ಅದೇ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಛಾಯಾಚಿತ್ರಗಳನ್ನು ತೆಗೆದು ಕೂಡಿಟ್ಟಿದ್ದಾರೆ. ಆ ಗಾಜಿನ ಪಟಗಳನ್ನೂ ಫಿಲ್ಮುಗಳನ್ನೂ ಅವರು ಸಮನಾದ ಬೆಳಕಿನ ಮುಂದಿಟ್ಟು, 4096ಕ್ಕೆ 4096 ಚುಕ್ಕೆಗಳ ಕ್ಯಾಮರಾದಿಂದ ಗಣಕಕ್ಕೆ ಇಳಿಸಿದ್ದಾರೆ. ಇದರಲ್ಲಿ ನಮಗೊಂದು ಪಾಠವಿದೆ. ಕ್ಯಾಲ್ಸಿಯಂ ಬೆಳಕಿನಲ್ಲಿ ತೆಗೆದ ಸೂರ್ಯಚಿತ್ರಗಳನ್ನು ಅದಕ್ಕೆ ಮೊದಲೇ ಒಮ್ಮೆ 8 ಬಿಟ್‌ಗಳಲ್ಲಿ ಇಳಿಸಿಕೊಂಡಿದ್ದರು. ಆಮೇಲೆ ಉತ್ತಮ ಉಪಕರಣ ಬಂದಾಗ 16 ಬಿಟ್‌ಗಳಲ್ಲಿ ಎರಡನೆಯ ಬಾರಿ ಇಳಿಸಿಕೊಂಡರು. ಎರಡನೆಯ ಬಾರಿ ಸಾಧ್ಯವಾದದ್ದು ಮೂಲಪಟಗಳನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ. ಗಣಕಕ್ಕೆ ಇಳಿಸಿಯಾಯಿತು, ಇನ್ನು ನೆಗೆಟಿವ್ ಏಕೆ ಎಂದು ಕೇಳುವವರಿಗೆ ಇದೇ ಉತ್ತರ. ಗೌರಿಬಿದನೂರಿನಲ್ಲೇ 1960ರ ದಶಕದ ಮಧ್ಯಭಾಗದಲ್ಲಿ ಬ್ರಿಟನ್ನಿನ ಸಹಯೋಗದೊಡನೆ ಸ್ಥಾಪನೆಯಾದ ಭೂಕಂಪನ ಮಾಪಕಗಳ ಜಾಲವೂ ಮೊದಲು ತನ್ನ ದಾಖಲೆಗಳನ್ನು ಕಾಂತೀಯ ಟೇಪಿನ ಮೇಲೆ ಬರೆಯುತ್ತಿತ್ತು. ಟೇಪ್ ಎಷ್ಟು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ ಸುಸ್ಥಿತಿಯಲ್ಲಿ ಇಲ್ಲದಿದ್ದರೆ ಭೂಮಿಯ ಕಂಪನವೂ ಮೂಕವಾಗುತ್ತದೆ. ದೊಡ್ಡ ವಿಜ್ಞಾನಿಗಳ ಮುಂದಿರುವ ಪ್ರಶ್ನೆಯೂ ನಮ್ಮ ತಗಡಿನ ಪೆಟ್ಟಿಗೆಯ ಪ್ರಶ್ನೆಯೂ ಒಂದೇ ಜಾತಿಯವು.

ಬಡವರಿಗೆ ಔಷಧಿ ಕೊಡಿಸುವ ಹಣವನ್ನು ಹಳೆಯ ಚಿತ್ರಗಳಿಗೆ ಸುರಿಯುವುದು ನ್ಯಾಯವೇ ಎಂದು ಸಮಿತಿಯ ಸಭೆಯಲ್ಲಿ ಒಬ್ಬ ಹಿರಿಯರು ಗಂಭೀರವಾಗಿ ಕೇಳಿದರು. ಅದು ಕೇಳಲೇಬೇಕಾದ ಪ್ರಶ್ನೆ. ದಾನವಾಗಿ ಬಂದ ಯಂತ್ರ, ಬಿಸಾಡಲಿದ್ದ ಗಣಕ, ಉಚಿತ ತಂತ್ರಾಂಶ, ಯುವಕರ ಶ್ರಮ ಇವುಗಳಿಂದ ಕೆಲಸ ಸಾಗಿದೆ. ಹಣ ಹೋದದ್ದು ಚಿತ್ರಗಳನ್ನು ಇಡುವ ಹಾರ್ಡ್ ಡಿಸ್ಕ್‌ಗಳಿಗೂ ನೆಗೆಟಿವ್ ಇಡುವ ಕಾಗದದ ಲಕೋಟೆಗಳಿಗೂ ಮಾತ್ರ. ಇನ್ನೊಂದು ಮಾತೂ ಇದೆ. ಅನುಕೂಲಸ್ಥರ ಮನೆಯಲ್ಲಿ ಅಜ್ಜ ಅಜ್ಜಿಯರ ಚಿತ್ರಗಳು ಹಲವಿವೆ. ಕೂಲಿ ಮಾಡಿ ಬದುಕಿದವರ ಮನೆಯಲ್ಲಿ ಒಂದೂ ಇಲ್ಲ. ಅವರು ಜೀವಮಾನದಲ್ಲಿ ಕ್ಯಾಮರಾದ ಮುಂದೆ ನಿಂತಿದ್ದರೆ ಅದು ಧರ್ಮಕೇಂದ್ರದ ಸಮೂಹ ಚಿತ್ರದಲ್ಲಿ, ಹಿಂದಿನ ಸಾಲಿನಲ್ಲಿ, ಯಾರದೋ ಹೆಗಲ ಹಿಂದೆ. ಆ ಪೆಟ್ಟಿಗೆ ಯಾರದಾದರೂ ಆಸ್ತಿಯಾಗಿದ್ದರೆ ಅದು ಮೊದಲು ಬಡವರ ಆಸ್ತಿ.

ಇನ್ನು ಹಿರಿಯರಲ್ಲಿ ನನ್ನ ಬಿನ್ನಹ. ಯಂತ್ರ ಮುಖವನ್ನು ಕೊಡಬಲ್ಲದು, ಹೆಸರನ್ನು ಕೊಡಲಾರದು. ಹೆಸರು ತಮ್ಮ ನೆನಪಿನಲ್ಲಿದೆ. ಅತಿ ಹಳೆಯ ಸಮೂಹ ಚಿತ್ರದಲ್ಲಿರುವವರನ್ನು ಗುರುತಿಸಬಲ್ಲವರು ಈ ಕೆಲಸ ಆರಂಭಿಸಿದಾಗ ನಮ್ಮಲ್ಲಿ ಮೂವರಿದ್ದರು. ಇಂದು ಒಬ್ಬರು ಮಾತ್ರ ಇದ್ದಾರೆ. ಫಿಲ್ಮ್ ಕೊಳೆಯುವುದಕ್ಕೆ ಮೊದಲು ಹೆಸರು ಕಳೆದುಹೋಗುತ್ತಿದೆ ಎಂಬುದೇ ನಮ್ಮ ನಿಜವಾದ ಆತಂಕ. ಆದ್ದರಿಂದ ಪ್ರತಿ ಭಾನುವಾರ ಬಲಿಪೂಜೆಯ ನಂತರ ಗುರುಮನೆಯ ಪಕ್ಕದ ಕೋಣೆಗೆ ದಯಮಾಡಿಸಿ. ಪರದೆಯ ಮೇಲೆ ಚಿತ್ರ ತೋರಿಸುತ್ತೇವೆ. ತೆಲುಗಿನಲ್ಲಾಗಲಿ, ತಮಿಳಿನಲ್ಲಾಗಲಿ, ಕನ್ನಡದಲ್ಲಾಗಲಿ, ತಮಗೆ ನೆನಪು ಯಾವ ಮಾತಿನಲ್ಲಿ ಬರುತ್ತದೋ ಅದರಲ್ಲೇ ಹೇಳಿ, ಮಕ್ಕಳು ಬರೆದುಕೊಳ್ಳುತ್ತಾರೆ. ಖಚಿತವಿಲ್ಲದ ಹೆಸರನ್ನು ಖಚಿತವೆಂದು ಬರೆಯುವುದಿಲ್ಲ. ಜ್ಞಾನಸ್ನಾನದ ಪುಸ್ತಕದೊಡನೆ ತಾಳೆ ನೋಡುತ್ತೇವೆ. ಮನೆಯಲ್ಲಿ ನೆಗೆಟಿವ್‌ಗಳಿದ್ದರೆ ತನ್ನಿ. ತಮ್ಮೆದುರಿನಲ್ಲೇ ಎಣಿಸಿ ರಸೀತಿ ಕೊಟ್ಟು, ಕೆಲಸವಾದ ಮೇಲೆ ಹಿಂದಿರುಗಿಸುತ್ತೇವೆ. ಮರಣದ ಚಿತ್ರಗಳು, ಮನೆಯ ಒಳಗಿನ ಚಿತ್ರಗಳು ಇವುಗಳನ್ನು ಮನೆಯವರ ಅನುಮತಿಯಿಲ್ಲದೆ ಯಾರಿಗೂ ತೋರಿಸುವುದಿಲ್ಲ, ಫೋನುಗಳಲ್ಲಿ ಹಂಚುವುದಿಲ್ಲ.

ಯುವಕರಿಗೆ ಎರಡು ಮಾತು. ಇಂದು ನಾವು ಇಳಿಸಿಕೊಂಡ ಚಿತ್ರಗಳೂ ನಾಳೆ ಹಳೆಯವಾಗುತ್ತವೆ. ಇಂದಿನ ಗಣಕವೂ ಇಪ್ಪತ್ತು ವರ್ಷಗಳ ಮೇಲೆ ಮೂಲೆ ಸೇರುತ್ತದೆ. ಆದಕಾರಣ ಚಿತ್ರಗಳನ್ನು ಯಾವುದೋ ಒಂದು ಸಂಸ್ಥೆಯ ಪ್ರೋಗ್ರಾಮ್ ಮಾತ್ರ ತೆರೆಯಬಲ್ಲ ರೂಪದಲ್ಲಿ ಇಡದೆ, ಎಲ್ಲರೂ ಬಲ್ಲ ಟಿಫ್ ರೂಪದಲ್ಲಿ ಇಡಿ. ಮೂರು ಪ್ರತಿಗಳನ್ನು ಮಾಡಿ: ಒಂದು ಇಲ್ಲಿ ಗುರುಮನೆಯಲ್ಲಿ, ಮತ್ತೆರಡು ಬೇರೆ ಬೇರೆ ಊರಿನ ವಿಶ್ವಾಸಿಗಳ ಸುಪರ್ದಿನಲ್ಲಿ. ಒಂದು ಊರಿನಲ್ಲಿ ಬೆಂಕಿಯೋ ನೀರೋ ಬಂದರೆ ಇನ್ನೊಂದು ಊರಿನಲ್ಲಿ ಚಿತ್ರ ಉಳಿದಿರಲಿ. ನಾಲ್ಕು ಊರುಗಳ ನಂಟು ಇದಕ್ಕೂ ಒದಗಲಿ. ವರ್ಷಕ್ಕೊಮ್ಮೆ ಅವುಗಳನ್ನು ತೆರೆದು ನೋಡಿ. ಹಾರ್ಡ್ ಡಿಸ್ಕ್ ಹಳೆಯದಾಗುವ ಮೊದಲೇ ಹೊಸದಕ್ಕೆ ವರ್ಗಾಯಿಸಿ. ಲಕೋಟೆಯ ಮೇಲಿನ ಸಂಖ್ಯೆ, ಗಣಕದಲ್ಲಿರುವ ಚಿತ್ರದ ಸಂಖ್ಯೆ, ಹೆಸರುಗಳನ್ನು ಬರೆದ ಪುಸ್ತಕದ ಸಂಖ್ಯೆ ಮೂರೂ ಒಂದೇ ಆಗಿರಲಿ. ಆ ಪುಸ್ತಕವನ್ನು ಮಾತ್ರ ಒಳ್ಳೆಯ ಕಾಗದದ ಮೇಲೆ, ಒಳ್ಳೆಯ ಶಾಯಿಯಿಂದ, ಕೈಯಲ್ಲೇ ಬರೆಯಿರಿ. ಜ್ಞಾನಸ್ನಾನದ ಹಳೆಯ ಪುಸ್ತಕವನ್ನು ಓದಲು ಇಂದಿಗೂ ನಮಗೆ ಬೇಕಾಗಿರುವುದು ಒಂದು ಜೊತೆ ಕನ್ನಡಕ ಮಾತ್ರ; ಅದಕ್ಕೆ ದುಭಾಷಿಯೂ ಬೇಡ, ತಂತಿಯೂ ಬೇಡ.

ಸ್ಕ್ಯಾನರ್ ಸದ್ಯಕ್ಕೆ ನಡೆಯುತ್ತಿದೆ. ಎಷ್ಟು ಕಾಲ ನಡೆದೀತೆಂದು ಯಾರೂ ಭರವಸೆ ಕೊಡಲಾರರು. ಅದರ ಬಿಡಿಭಾಗಗಳು ಹುಡುಕಿದರೂ ಸಿಗುವುದು ಕಷ್ಟ. ಪೆಟ್ಟಿಗೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪಟ್ಟಿಗಳು ಉಳಿದಿವೆ. ವಿನೆಗರ್ ವಾಸನೆ ಬಂದವುಗಳನ್ನು ಪ್ರತ್ಯೇಕಿಸಿ ಮೊದಲು ಮುಗಿಸುತ್ತಿದ್ದೇವೆ. ಮುಂದಿನ ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ ಮುಗಿಸಬೇಕೆಂಬುದು ನಮ್ಮ ಸಂಕಲ್ಪ. ಅದಕ್ಕೆ ತಮ್ಮ ನೆನಪೂ ಮಕ್ಕಳ ಕೈಗಳೂ ಜೊತೆಗೂಡಲಿ ಎಂದು ಪ್ರಾರ್ಥಿಸುತ್ತೇನೆ.